ಎದುರಿನಿಂದ ಕಂಡ ಕೈಗಳು

ಆತನ ಮುಖಕ್ಕಿಂತ ಕೈಗಳೇ ನನಗೆ ಚೆನ್ನಾಗಿ ನೆನಪಿದ್ದವು. ಹೈದರಾಬಾದಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಆತ ಅಲ್ಲಿನ ಐಸಿಯು ನೋಡಿಕೊಳ್ಳುತ್ತಿದ್ದ ಹಿರಿಯ ವೈದ್ಯ, ನಮ್ಮ ಪರೀಕ್ಷಕ. ಮಾತಿನಲ್ಲಿ ಈಗಲೂ ‘ಅವರು’ ಎಂದೇ ಅನ್ನುತ್ತೇನೆ. ಬರವಣಿಗೆಯಲ್ಲಿ ಅಷ್ಟು ಮರ್ಯಾದೆ ಕೊಡುವ ಮನಸ್ಸು ಇನ್ನೂ ಬಂದಿಲ್ಲ.

ಐಸಿಯುನಲ್ಲಿ ಮಲಗಿದ ರೋಗಿಯ ಕುತ್ತಿಗೆಯ ದೊಡ್ಡ ಅಭಿಧಮನಿಗೆ ಸೂಜಿ ಚುಚ್ಚಿ, ಅದೇ ದಾರಿಯಲ್ಲಿ ಉದ್ದನೆಯ ನಳಿಕೆಯೊಂದನ್ನು ಇಳಿಸುತ್ತಾರೆ. ಲೈನ್ ಹಾಕುವುದು ಎನ್ನುತ್ತೇವೆ ನಾವು. ಅಭಿಧಮನಿಯ ಮಗ್ಗುಲಲ್ಲೇ ಮಿದುಳಿಗೆ ರಕ್ತ ಒಯ್ಯುವ ಅಪಧಮನಿ ಇದೆ, ಸ್ವಲ್ಪ ಕೆಳಗೆ ಶ್ವಾಸಕೋಶದ ತುದಿ. ಸೂಜಿ ಒಂದಿಷ್ಟು ದಾರಿ ತಪ್ಪಿದರೆ ಎರಡರಲ್ಲಿ ಒಂದಕ್ಕೆ ಗಾಯ. ಆತ ಇದನ್ನು ಬರೀ ಬೆರಳ ಸ್ಪರ್ಶದ ಮೇಲೆ ಮಾಡುತ್ತಿದ್ದ. ಚುಚ್ಚುವ ಮೊದಲು ನಡುಬೆರಳಿನಿಂದ ಆ ಜಾಗವನ್ನು ಮೆಲ್ಲಗೆ ತಟ್ಟುತ್ತಿದ್ದ, ಆಮೇಲೆ ಕಿರುಬೆರಳನ್ನು ಹೊರಕ್ಕೆ ಚಾಚಿ ಸೂಜಿ ಎತ್ತುತ್ತಿದ್ದ. ‘ಮನೆಯೊಳಗೆ ಯಾರಿದ್ದೀರಿ ಅಂತ ಕೇಳ್ತಾರೆ’ ಎಂದು ನಾವು ಹುಡುಗರು ಹಿಂದಿನಿಂದ ನಗುತ್ತಿದ್ದೆವು. ಸಾಮಾನು ಎತ್ತಿಕೊಡುವ ವಿದ್ಯಾರ್ಥಿ ಮಂಚದ ಆಚೆ ಬದಿಗೆ ನಿಲ್ಲಬೇಕಿತ್ತು. ಹಾಗಾಗಿ ಆ ಕೈಗಳನ್ನು ನಾನು ಯಾವಾಗಲೂ ಎದುರಿನಿಂದಲೇ ನೋಡಿದ್ದು.

ಆತನ ಮನೆತನ ರಾಯಚೂರಿನ ಕಡೆಯದು. ನಮ್ಮದೂ ಅದೇ ಸೀಮೆ. ನನ್ನ ಅಜ್ಜ ನಿಜಾಮರ ಕಂದಾಯ ಇಲಾಖೆಯ ನೌಕರಿಗೆ ಬಂದವರು ಕಾಚಿಗೂಡದಲ್ಲಿ ಮನೆ ಮಾಡಿ ಇಲ್ಲಿಯವರೇ ಆಗಿಬಿಟ್ಟರು. ವಾರ್ಡಿನಲ್ಲಿ ಎಲ್ಲರ ಮಾತೂ ತೆಲುಗು, ಇಲ್ಲವೇ ದಖನಿ ಉರ್ದು. ಕನ್ನಡ ನಮ್ಮಿಬ್ಬರ ನಡುವೆ ಮಾತ್ರ ಇತ್ತು. ಮೊದಲ ಕೆಲವು ತಿಂಗಳು ನನಗೆ ಅದರದೇ ಒಂದು ಹೆಮ್ಮೆ.

ಮೇಲ್ಸೇತುವೆಗಳು ಏಳುತ್ತಿದ್ದ ಕಾಲ ಅದು. ನನ್ನ ಜೊತೆ ಶಾಲೆ ಓದಿದವರೆಲ್ಲ ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದರು. ಹೊಸದೆಲ್ಲವೂ ಪರದೆಯ ಮೇಲೆಯೇ ಬರುತ್ತದೆ ಎಂಬ ನಂಬಿಕೆ ನನಗೂ ಹತ್ತಿತ್ತು. ಕ್ಷ-ಕಿರಣ ವಿಭಾಗದವರು ಮೂಲೆಗೆ ಸರಿಸಿದ್ದ ಹಳೆಯ ಅಲ್ಟ್ರಾಸೌಂಡ್ ಯಂತ್ರವೊಂದನ್ನು ಕೇಳಿ ಪಡೆದು, ನನ್ನ ಪರೀಕ್ಷೆಯ ದಿನ ರೋಗಿಯ ಮಂಚದ ಪಕ್ಕಕ್ಕೆ ತಳ್ಳಿಕೊಂಡು ಬಂದೆ. ಅದರ ಒಂದು ಗಾಲಿ ತಿರುಗುತ್ತಿರಲಿಲ್ಲ. ಇಡೀ ವಾರ್ಡು ಆ ಸದ್ದಿಗೆ ತಿರುಗಿ ನೋಡಿತು.

“ಏನಪಾ, ಟೀವಿ ನೋಡ್ಕೋತ ಸೂಜಿ ಹಾಕಾಂವೇನು?” ಎಂದ ಆತ.

“ಇಲ್ರೀ ಸರ್, ಇದರಾಗ ರಕ್ತನಾಳ ಕಾಣತೈತ್ರಿ.”

“ಕಾಣತೈತಿ! ಹಾಕು, ನಾವೂ ನೋಡೂಣು.”

ನಾಳ ಕಂಡದ್ದು ನಿಜ. ಕಂಡದ್ದರೊಳಗೆ ಸೂಜಿಯನ್ನು ಒಯ್ಯುವುದು ಬೇರೆಯೇ ವಿದ್ಯೆ ಎಂದು ನನಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಸಿರಿಂಜಿನಲ್ಲಿ ರಕ್ತ ಬರಲಿಲ್ಲ. ರೋಗಿ ನರಳಿದ. ಆತ ಯಂತ್ರವನ್ನು ಕಾಲಿನಿಂದ ಆಚೆ ಸರಿಸಿ, ನನ್ನ ಕೈಯ ಸೂಜಿ ತೆಗೆದುಕೊಂಡು, ಕುತ್ತಿಗೆಯನ್ನು ತಟ್ಟಿ, ಒಂದೇ ಏಟಿಗೆ ಹಾಕಿದ. ಆಮೇಲೆ ನನ್ನ ಕಡೆ ತಿರುಗಿ ತಣ್ಣಗೆ ಅಂದ:

“ಈ ಕೈ ರೊಟ್ಟಿ ಬಡಿಯಾಕ ಹುಟ್ಟ್ಯಾವ ತಮ್ಮಾ, ಸೂಜಿ ಹಿಡಿಯಾಕಲ್ಲ.”

ಸುತ್ತ ನಿಂತವರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಬೈದಿದ್ದರೆ ಅದು ಆಸ್ಪತ್ರೆಯ ಬೈಗುಳವಾಗುತ್ತಿತ್ತು, ಆಸ್ಪತ್ರೆಯಲ್ಲೇ ಬಿಟ್ಟು ಮನೆಗೆ ಹೋಗಬಹುದಿತ್ತು. ನಮ್ಮ ಅಡುಗೆಮನೆಯಲ್ಲಿ ಅವ್ವ ದಿನವೂ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕೇಳಿದಾಗಲೆಲ್ಲ ಆತನ ಮಾತು ಬಂದು ಕಿವಿಯಲ್ಲಿ ಕೂರತೊಡಗಿತು. ಮುಂದಿನ ವಾರ ನನ್ನನ್ನು ಐಸಿಯುನಿಂದ ತೆಗೆದು ಶಸ್ತ್ರಕ್ರಿಯೆಗೆ ಮುಂಚಿನ ತಪಾಸಣೆಯ ಕೋಣೆಗೆ ಹಾಕಿದರು. ವರ್ಷ ಮುಗಿಯುವವರೆಗೂ ಜನರ ಬಾಯಿ ತೆರೆಸಿ, ಉಸಿರಿನ ಕೊಳವೆ ಹಾಕುವಾಗ ಕಳಚಬಹುದಾದ ಅಲುಗುವ ಹಲ್ಲು, ಕಟ್ಟಿದ ಹಲ್ಲು ನೋಡುತ್ತ ಕುಳಿತೆ. ನನ್ನ ಜೊತೆಯವರು ಅಷ್ಟರಲ್ಲಿ ಲೈನ್ ಹಾಕುವುದರಲ್ಲಿ ಪಳಗಿದರು.

ಇದಿಷ್ಟು ನನ್ನ ನೆನಪು. ನೆನಪನ್ನು ನಂಬದಿರುವುದು ನನಗೆ ವಿಶ್ವವಿದ್ಯಾಲಯ ಕಲಿಸಿದ ಕೆಲವೇ ಉಪಯುಕ್ತ ಪಾಠಗಳಲ್ಲಿ ಒಂದು. ಅನೇಕ ವರ್ಷಗಳ ಮೇಲೆ, ಅವತ್ತು ನನ್ನ ಮಗ್ಗುಲಲ್ಲೇ ನಿಂತಿದ್ದ ಸಹಪಾಠಿಗೆ ಫೋನ್ ಮಾಡಿ ಕೇಳಿದೆ. ಅವನು ಈಗ ಉಪ್ಪಲ್‌ನಲ್ಲಿ ಸ್ವಂತ ನರ್ಸಿಂಗ್ ಹೋಮ್ ಇಟ್ಟಿದ್ದಾನೆ.

“ನಿನಗೆ ಬೈದದ್ದೆ?” ಎಂದು ಅವನು ಆಶ್ಚರ್ಯಪಟ್ಟ. “ಅಲ್ಲಪ್ಪ, ಹೆಗಲ ಮೇಲೆ ಕೈ ಇಟ್ಟು ನಿಮ್ಮ ಭಾಷೆಯಲ್ಲಿ ಏನೋ ಸಮಾಧಾನ ಹೇಳಿದರು. ತಮ್ಮ ಊರಿನವನು ಅಂತ ನಿನ್ನನ್ನು ಉಳಿಸಿಕೊಳ್ಳುತ್ತಾರೆ ಅಂತ ನಾವೆಲ್ಲ ಹೊಟ್ಟೆ ಉರಿದುಕೊಂಡಿದ್ದೆವು.”

ಹೆಗಲ ಮೇಲಿನ ಕೈ ನನ್ನ ನೆನಪಿನಲ್ಲಿ ಎಲ್ಲೂ ಇಲ್ಲ. ಮಾತನ್ನು ಕೇಳಿ ಅರ್ಥ ಮಾಡಿಕೊಂಡ ಸಾಕ್ಷಿ ಒಬ್ಬರೂ ಇಲ್ಲ. ಆ ವಾಕ್ಯವನ್ನು ನಾನೇ, ಹಲ್ಲು ನೋಡುತ್ತ ಕುಳಿತ ಮಧ್ಯಾಹ್ನಗಳಲ್ಲಿ, ಒಂದೊಂದೇ ಪದ ಸೇರಿಸಿ ಕಟ್ಟಿಕೊಂಡಿರಬಹುದೇ? ಇರಬಹುದು. ಸಿಟ್ಟು ಮಾತ್ರ ಈ ಸಂಶಯಕ್ಕೆ ಕಾಯಲಿಲ್ಲ. ಆತ ಇನ್ನೊಮ್ಮೆ ಆ ಮಾತು ಆಡಿದರೆ ಕೊಡಬೇಕಾದ ಉತ್ತರವನ್ನೂ ನಾನು ತಯಾರು ಮಾಡಿಟ್ಟುಕೊಂಡಿದ್ದೆ. ಕಾಚಿಗೂಡದಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಸಿಗ್ನಲ್ಲುಗಳಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು, ತಿದ್ದಿ ತಿದ್ದಿ ನಯ ಮಾಡಿದ ಉತ್ತರ: “ನಿಮ್ಮ ಕೈ ಸೂಜಿ ಹಿಡಿಯಾಕ ಹುಟ್ಟ್ಯಾವ್ರಿ ಸರ್, ಕಲಿಸಾಕಲ್ಲ.”

ಆ ಕೆಲಸ ಮಾದಾಪುರದ್ದು. ಗಾಜಿನ ಕಚೇರಿಗಳ ನಡುವೆ ಅಷ್ಟೇ ಗಾಜಿನ ಒಂದು ಹೊಸ ಆಸ್ಪತ್ರೆ ಎದ್ದಿತ್ತು. ಎದೆನೋವೆಂದು ಹೆದರಿ ಕಂಪನಿಯ ಕ್ಯಾಬಿನಲ್ಲಿ ಬರುವ ಎಂಜಿನಿಯರುಗಳು ಕುತ್ತಿಗೆಗೆ ಗುರುತಿನ ಚೀಟಿ ತೂಗಿಕೊಂಡೇ ಮಂಚದ ಮೇಲೆ ಮಲಗುತ್ತಿದ್ದರು. ಬ್ರೀಫ್‌ಕೇಸಿನಷ್ಟು ಚಿಕ್ಕ ಅಲ್ಟ್ರಾಸೌಂಡ್ ಯಂತ್ರಗಳು ಬಂದಿದ್ದವು. ನಾನು ಹಟಕ್ಕೆ ಬಿದ್ದು ಆ ವಿದ್ಯೆ ಕಲಿತೆ, ಹುಡುಗ ಹುಡುಗಿಯರಿಗೆ ಕಲಿಸಿದೆ. ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಎಂದರೆ ನನ್ನ ಹೆಸರೇ ಬರುವಂತಾಯಿತು. ಆಗ, ಸರ್ಕಾರಿ ಸೇವೆಯಿಂದ ನಿವೃತ್ತನಾದ ಆತ ನಮ್ಮಲ್ಲಿಗೇ ಹಿರಿಯ ಸಲಹೆಗಾರನಾಗಿ ಬಂದ. ಮೊದಲ ದಿನ ನನ್ನನ್ನು ಕಂಡು “ಆರಾಮ ಅದೀರೇನ್ರಿ ಡಾಕ್ಟರ್ರ?” ಎಂದ. ಎಲ್ಲೋ ನೋಡಿದ ಮುಖವೆಂಬಂತೆ ಇತ್ತು ಆ ದನಿ.

ಕೆಲವು ತಿಂಗಳಲ್ಲಿ ಆಡಳಿತದವರು ಹೊಸ ನಿಯಮ ತಂದರು. ಇನ್ನು ಮೇಲೆ ಕುತ್ತಿಗೆಯ ಲೈನ್ ಅಲ್ಟ್ರಾಸೌಂಡ್ ನೋಡಿಕೊಂಡೇ ಹಾಕಬೇಕು. ತರಬೇತಿಯ ಹುಡುಗರಿರಲಿ, ತಲೆ ಹಣ್ಣಾದವರಿರಲಿ, ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ ಅದರ ಅಧಿಕಾರ. ಅಂದರೆ ಆತ ಟೀವಿ ನೋಡ್ಕೋತ ಸೂಜಿ ಹಾಕಬೇಕು. ಪಾಸಾಗದಿದ್ದರೆ, ಬದುಕೆಲ್ಲ ಯಾವ ಕೈಯ ಮೇಲೆ ಹೆಸರು ಮಾಡಿದ್ದನೋ ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಹುಡುಗರು ಹಾಕುವುದನ್ನು ನಿಂತು ನೋಡಬೇಕು. ಅದೇ ನನಗೆ ಬೇಕಿದ್ದುದು. ನೌಕರಿ ಹೋಗುವುದು ಬೇಡ, ಅವಮಾನದ ಸುದ್ದಿ ಊರೆಲ್ಲ ಹರಡುವುದೂ ಬೇಡ. ಒಂದೇ ಒಂದು ವರ್ಷ ಆತ ಜನರ ಹಲ್ಲು ನೋಡಲಿ.

ಪರೀಕ್ಷೆಯ ವ್ಯವಸ್ಥೆಯನ್ನು ವಹಿಸಿಕೊಂಡವಳು ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ, ವಿಜಯವಾಡದ ಕಡೆಯವಳು, ಯಾವುದನ್ನೂ ಅರ್ಧಕ್ಕೆ ಬಿಡದ ಹೆಂಗಸು. ಜೀವಂತ ರೋಗಿಯ ಬದಲು ಕುತ್ತಿಗೆಯ ಒಂದು ಮಾದರಿ ಮಾಡಿಸಿದಳು. ಚೈನಾ ಗ್ರಾಸ್ ಮತ್ತು ಇಸಬ್ಗೋಲ್ ಸೇರಿಸಿ ಕುದಿಸಿ, ಆರಿಸಿ, ಹಲ್ವದಂತೆ ಗಟ್ಟಿಯಾದ ಮುದ್ದೆಯೊಳಗೆ ಬಣ್ಣದ ನೀರು ತುಂಬಿದ ಎರಡು ರಬ್ಬರ್ ಕೊಳವೆಗಳು, ಒಂದು ಅಭಿಧಮನಿಗೆ, ಒಂದು ಅಪಧಮನಿಗೆ. ಪರದೆಯ ಮೇಲೆ ನೋಡಿದರೆ ನಿಜವಾದ ಕುತ್ತಿಗೆಯೇ. ಪರೀಕ್ಷೆ ಕೊಡುವವರ ಎದುರು ಬದಿಗೆ ಕ್ಯಾಮೆರಾ. ಅದರಲ್ಲಿ ಬರುವುದು ಮಣಿಕಟ್ಟಿನವರೆಗಿನ ಕೈಗಳು, ಪಕ್ಕದಲ್ಲಿ ಯಂತ್ರದ ಪರದೆ, ಅಷ್ಟೇ. ಎಲ್ಲರಿಗೂ ಒಂದೇ ಬಣ್ಣದ ಗ್ಲೌಸು. ಧ್ವನಿ ಇಲ್ಲ. ಇಬ್ಬರು ಪರೀಕ್ಷಕರು ಬೇರೆ ಬೇರೆ ಕುಳಿತು, ಯಾರ ಕೈಯೆಂದು ತಿಳಿಯದೆ, ಆ ತುಣುಕುಗಳಿಗೆ ಅಂಕ ಕೊಡಬೇಕು. ಆ ಇಬ್ಬರಲ್ಲಿ ನಾನೊಬ್ಬ.

ಮುಖ ಮರೆಸುವ ಈ ಪದ್ಧತಿಯನ್ನು ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಸಮರ್ಥಿಸಿದವನು ನಾನೇ. ಮನುಷ್ಯನ ಕಣ್ಣು ತನಗೆ ಬೇಕಾದದ್ದನ್ನು ಕಾಣುತ್ತದೆ, ಪ್ರೀತಿ ದ್ವೇಷಗಳು ಅಂಕಪಟ್ಟಿಯೊಳಗೆ ನುಸುಳುತ್ತವೆ ಎಂದು ಭಾಷಣವನ್ನೇ ಮಾಡಿದೆ. ಆತ ಕೈ ಕಟ್ಟಿಕೊಂಡು ಕೇಳಿದ. ಆತ ತಟ್ಟದೆ ಸೂಜಿ ಎತ್ತುವವನಲ್ಲ ಎಂಬುದು ಆ ಕೋಣೆಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ವಿಭಾಗದ ಖಾಲಿ ಕೋಣೆಯಲ್ಲಿ ಕುಳಿತು ತುಣುಕುಗಳನ್ನು ನೋಡಿದೆ. ಮೊದಲನೆಯದರಲ್ಲೇ ಖುಷಿಯಾಯಿತು. ಚರ್ಮದ ಮೇಲೆ ಹಿಡಿಯುವ ಪ್ರೋಬ್, ಸೂಜಿ ಮುಂದೆ ಹೋದಷ್ಟೂ ತಾನೂ ಸರಿಯುತ್ತ, ಅದರ ತುದಿಯನ್ನು ಒಂದು ಕ್ಷಣವೂ ಕಣ್ಣಿಂದ ಬಿಡದೆ ನಾಳದೊಳಗೆ ಒಯ್ದಿತು. ನಾನು ಕಲಿಸುವ ಕ್ರಮ ಅದು. ನಮ್ಮ ಹುಡುಗರಲ್ಲಿ ಯಾರೋ ಒಬ್ಬರು ಎಂದುಕೊಂಡು ಕೈ ಬಿಚ್ಚಿ ಅಂಕ ಕೊಟ್ಟೆ.

ನಾಲ್ಕೈದು ತುಣುಕು ಕಳೆದ ಮೇಲೆ ಆ ಕೈಗಳು ಬಂದವು. ನಡುಬೆರಳು ಮಾದರಿಯ ಮೇಲೆ ಮೆಲ್ಲಗೆ ತಟ್ಟಿತು. ಕಿರುಬೆರಳು ಹೊರಕ್ಕೆ ಚಾಚಿತು.

ವೀಡಿಯೊ ನಿಲ್ಲಿಸಿ ಎದ್ದು ಬಾಗಿಲು ಹಾಕಿ ಬಂದೆ. ಮತ್ತೆ ಮೊದಲಿಂದ ನೋಡಿದೆ. ನಾನು ಬಯಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಎಡಗೈಯ ಪ್ರೋಬು ಅಂಚೆ ಕಚೇರಿಯ ಮುದ್ರೆಯಂತೆ ಒತ್ತಿದ ಜಾಗದಲ್ಲೇ ಕುಳಿತಿತ್ತು. ಬಲಗೈಯ ಸೂಜಿ ಮುಂದೆ ಮುಂದೆ ಹೋಗುತ್ತಿತ್ತು. ಪರದೆಯ ಮೇಲೆ ನಾಳದ ನಟ್ಟನಡುವೆ ಬಿಳಿಯ ಚುಕ್ಕೆ ಹೊಳೆಯಿತು, ಕೈ ಅದನ್ನು ನಂಬಿತು. ಆ ಚುಕ್ಕೆ ಸೂಜಿಯ ತುದಿಯಾಗಿರಲಿಲ್ಲ, ಸೊಂಟವಾಗಿತ್ತು. ಪ್ರೋಬ್ ನಿಂತಲ್ಲೇ ನಿಂತರೆ ಸೂಜಿಯ ಯಾವ ಭಾಗ ಅದರ ಕೆಳಗೆ ಬಂದರೂ ಅಂಥದೇ ಚುಕ್ಕೆ ಕಾಣುತ್ತದೆ. ನಿಜವಾದ ತುದಿ ಅಷ್ಟರಲ್ಲಿ ನಾಳದ ಹಿಂಗೋಡೆ ತೂರಿ ಹೊರಗೆ ಹೋಗಿತ್ತು. ಬೆರಳನ್ನೇ ನಂಬಿ ಬೆಳೆದ ಹಳಬರು ಮಾಡುವ ತಪ್ಪು ಇದು. ಪರದೆಯನ್ನು ಒಮ್ಮೆ ನೋಡುತ್ತಾರೆ, ಆಮೇಲೆ ಎಲ್ಲವನ್ನೂ ಕೈಗೆ ಬಿಟ್ಟುಬಿಡುತ್ತಾರೆ.

ಫೇಲು ಮಾಡಿದೆ. ನ್ಯಾಯವಾಗಿಯೇ ಮಾಡಿದೆ, ಯಾರು ನೋಡಿದರೂ ಫೇಲು ಮಾಡಬೇಕಾದ ಕೈ ಅದು. ಸೇಡು ನ್ಯಾಯವೂ ಆಗುವ ಸುಖ ಬದುಕಿನಲ್ಲಿ ಎಷ್ಟು ಸಲ ಸಿಗುತ್ತದೆ? ಷರಾ ಬರೆಯಲು ಕೆಳಗೆ ಜಾಗವಿತ್ತು. ಇಂಗ್ಲಿಷಿನಲ್ಲಿ ಬರೆದೆ: ಈ ಕೈಗಳು ರೊಟ್ಟಿ ಬಡಿಯಲು ಹುಟ್ಟಿದವು, ಸೂಜಿ ಹಿಡಿಯಲು ಅಲ್ಲ. ಬರೆದು ಎರಡು ಸಲ ಓದಿಕೊಂಡೆ. ಅವತ್ತು ಕೆಳಗಿನ ಕ್ಯಾಂಟೀನಿಗೆ ಹೋಗಿ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ ತರಿಸಿಕೊಂಡು ಒಬ್ಬನೇ ತಿಂದೆ.

ಫಲಿತಾಂಶದ ಸಭೆಗೆ ಪರೀಕ್ಷೆ ಕೊಟ್ಟ ಹಿರಿಯರೆಲ್ಲ ಬಂದಿದ್ದರು. ಆತ ಹಿಂದಿನ ಸಾಲಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ. ಒಂದು ತುಣುಕಿಗೆ ಮಾತ್ರ ಇಬ್ಬರು ಪರೀಕ್ಷಕರ ಅಭಿಪ್ರಾಯ ಬೇರೆಯಾಗಿದೆ, ಒಬ್ಬರು ಪಾಸು ಮಾಡಿದ್ದಾರೆ, ಒಬ್ಬರು ಫೇಲು, ಎಲ್ಲರೂ ಕೂಡಿ ನೋಡೋಣ ಎಂದಳು ವೈದ್ಯೆ. ಗೋಡೆಯ ಮೇಲೆ ಆ ಕೈಗಳು ಮೂಡಿದವು. ನಾನು ಎದ್ದು ಹೋಗಿ, ಬೆರಳಿಟ್ಟು ತೋರಿಸಿದೆ: ಇದು ತುದಿಯಲ್ಲ, ಇಲ್ಲಿ ನಿಲ್ಲಿಸಿ, ಪ್ರೋಬ್ ಕದಲಿಲ್ಲ ನೋಡಿ, ಹಿಂಗೋಡೆ ಇಲ್ಲಿ ಹರಿಯಿತು. ಅಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಮಾಡಿರಲಿಲ್ಲ. ಇನ್ನೊಬ್ಬ ಪರೀಕ್ಷಕ ಕನ್ನಡಕ ಸರಿಮಾಡಿಕೊಂಡು “ಹೌದು, ನಾನು ಗಮನಿಸಿರಲಿಲ್ಲ, ಫೇಲೇ” ಎಂದು ಒಪ್ಪಿಕೊಂಡ.

“ಅದು ಸರಿ ಡಾಕ್ಟರ್ ಗಾರು, ಈ ಷರಾ ಮಾತ್ರ ನನಗೆ ತಿಳಿಯಲಿಲ್ಲ” ಎಂದು ವೈದ್ಯೆ ಅದನ್ನು ಗಟ್ಟಿಯಾಗಿ ಓದಿದಳು. “ರೊಟ್ಟಿಯನ್ನು ಲಟ್ಟಿಸುತ್ತಾರೆ. ಅದನ್ನು ಯಾಕೆ ಬಡಿಯಬೇಕು, ಪಾಪ, ಅದೇನು ಮಾಡಿತ್ತು?”

ಎಲ್ಲರೂ ನಕ್ಕರು. ಹಿಂದಿನ ಸಾಲಿನಿಂದ ಒಂದು ನಗೆ ಎಲ್ಲರದಕ್ಕಿಂತ ತಡವಾಗಿ, ದೊಡ್ಡದಾಗಿ ಬಂತು. ಆತ ಚಹಾದ ಲೋಟ ಕೆಳಗಿಟ್ಟ. ಕೋಣೆಯಲ್ಲಿ ನಾವಿಬ್ಬರೇ ಇದ್ದೇವೆ ಎಂಬಂತೆ ಕನ್ನಡದಲ್ಲಿ ಕೇಳಿದ:

“ಡಾಕ್ಟರ್ರ, ಈ ಮಾತು ನಂದಲ್ಲೇನ್ರಿ?”

ಇಷ್ಟು ವರ್ಷ ಹುಡುಕಿದ ಸಾಕ್ಷಿ ತಾನಾಗಿ ಎದ್ದು ಬಂದು ಕಟಕಟೆಯಲ್ಲಿ ನಿಂತಿತ್ತು. ನಾನು ಕಟ್ಟಿಕೊಂಡ ಕಥೆಯಲ್ಲ ಅದು.

“ಹೌದ್ರಿ ಸರ್” ಎಂದೆ. “ನಿಮ್ಮದ.”

“ಭಾಳ ಜ್ವಾಕಿ ಮಾಡೀರಿ ಬಿಡ್ರಿ! ನಾ ನನ್ನ ಹೇಣ್ತಿ ಬಂಗಾರಾನೂ ಇಷ್ಟು ಜ್ವಾಕಿ ಮಾಡಿಲ್ಲ.” ಆಮೇಲೆ ಗೋಡೆಯ ಕಡೆ ನೋಡಿದ. “ಹಂಗಾರ ಆ ಕೈ ನನ್ನೂವಂತ ತಿಳದೀರೇನು?”

ವೈದ್ಯೆಗೆ ನಮ್ಮ ಮಾತು ತಿಳಿಯುತ್ತಿರಲಿಲ್ಲ. ಜಗಳವೋ ಸರಸವೋ ಎಂದು ಇಬ್ಬರ ಮುಖ ನೋಡಿ, ಗಂಟಲು ಸರಿಪಡಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು. ಪರೀಕ್ಷಕರನ್ನೂ ಪರೀಕ್ಷಿಸಬೇಕಲ್ಲ, ಅದಕ್ಕೆ ಅವರ ಕೈಗಳ ತುಣುಕನ್ನೂ ನಡುವೆ ಸೇರಿಸಿದ್ದೆ, ಮೊದಲ ಸಭೆಯಲ್ಲೇ ಹೇಳಿದ್ದೆನಲ್ಲ ಎಂದಳು. ಗೋಡೆಯ ಮೇಲಿದ್ದದ್ದು ಆತನ ಕೈಯಲ್ಲ, ನನ್ನದು: ಕ್ಯಾಮೆರಾ ಹೊಸದಾಗಿ ಕೂರಿಸಿದ ದಿನ ಅದರ ಕೋನ ನೋಡಲೆಂದು ಅವಳು ನನ್ನಿಂದಲೇ ಮಾಡಿಸಿದ್ದ ತುಣುಕು.

ಅವಳು ಮೊದಲ ಸಭೆಯಲ್ಲಿ ಹೇಳಿದ್ದು ನನಗೆ ನೆನಪಿಲ್ಲ. ಕ್ಯಾಮೆರಾದ ಮುಂದೆ ಕುಳಿತದ್ದು ನೆನಪಿದೆ. ಯಾರ ಜೊತೆಗೋ ಹರಟುತ್ತ ಮಾಡಿದ ಕೆಲಸ ಅದು, ಪರೀಕ್ಷೆಯೇ ಅಲ್ಲ ಎಂದು ಈಗಲೂ ವಾದಿಸಬಲ್ಲೆ. ಆದರೆ ತಟ್ಟಿದ್ದು? ನಾನು ತಟ್ಟುತ್ತೇನೆಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಕೈಯನ್ನು ನಾನು ಮೇಲಿನಿಂದ ನೋಡಿದ್ದೇನೆ, ಎದುರಿನಿಂದ ನೋಡಿಯೇ ಇರಲಿಲ್ಲ. ಎದುರಿನಿಂದ ನೋಡಿದ್ದು ಆತನದನ್ನು.

“ಅಯ್ಯ, ನನ್ನ ಹಂಗ ತಟ್ಟತೀರಲ್ರಿ!” ಎಂದ ಆತ. ಅದರಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ. “ನಾ ಅದನ್ನ ಬಿಟ್ಟೀನ್ರಿ ಈಗ. ಜೆಲ್ ಬೆರಳಿಗೆ ಹತ್ತತೈತಿ ಅಂತ ನಿಮ್ಮ ಹುಡುಗ್ರು ಬೈತಾರ.”

ಆತನಿಗೆ ಕಲಿಸಿದವರು ನನ್ನ ವಿದ್ಯಾರ್ಥಿಗಳಂತೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರನ್ನು ಹಿಡಿದು ಕೂರಿಸಿಕೊಂಡು, ಮಾದರಿಯ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಿಕೊಂಡಿದ್ದ. ಮೊದಲ ತುಣುಕು, ನಾನು ಕೈ ಬಿಚ್ಚಿ ಅಂಕ ಕೊಟ್ಟದ್ದು, ಆತನದು. ಎಲ್ಲರಿಗಿಂತ ಹೆಚ್ಚು ಅಂಕ ಅದಕ್ಕೇ ಬಂದಿತ್ತು. ನಾನು ಕೊಟ್ಟ ಅಂಕವನ್ನು ಬಿಟ್ಟು ಎಣಿಸಿದರೆ ಆತ ಎರಡನೆಯವನಾಗುತ್ತಿದ್ದ ಎಂಬ ಲೆಕ್ಕವನ್ನೂ ಆಮೇಲೆ ಮಾಡಿ ನೋಡಿದೆ.

ಸಭೆ ಮುಗಿದು ಬಾಗಿಲ ಹತ್ತಿರ ಆತ ನನ್ನನ್ನು ನಿಲ್ಲಿಸಿದ.

“ಅವತ್ತ ಅಂದದ್ದು ಖರೆ. ಆದರ ನೀವೂ ನಕ್ಕಿದ್ರಲ್ರಿ?”

“ನಾನ?”

“ಹೂಂ ಮತ್ತ. ಹೆಗಲ ಮ್ಯಾಲ ಕೈ ಇಟ್ಟು ಅಂದ್ನಿ, ನೀವೂ ನಕ್ರಿ. ಹುಡುಗ ಗಟ್ಟಿ ಅದಾನಪ್ಪ ಅಂತ ತಿಳಕೊಂಡ್ನಿ.”

ಉಪ್ಪಲ್‌ನವನು ಹೇಳಿದ್ದ ಕೈ ಮತ್ತೆ ಬಂದು ಹೆಗಲೇರಿತು. ಮಾತು ಸಿಕ್ಕಿತು ಎಂದುಕೊಂಡ ಹೊತ್ತಿಗೆ ನಗೆಯೊಂದು ಸೇರಿಕೊಂಡಿತು. ನಾನು ನಕ್ಕಿದ್ದೆನೇ? ಇಪ್ಪತ್ತೈದರ ಹುಡುಗ, ಪರೀಕ್ಷಕನ ಮುಂದೆ, ಇನ್ನೇನು ಮಾಡಬೇಕೆಂದು ತಿಳಿಯದೆ ಹಲ್ಲು ತೋರಿಸಿರಬಹುದು. ಅದನ್ನು ನಗೆ ಎಂದು ಎಣಿಸಿ, ಅದರ ಮೇಲೆ ನನ್ನನ್ನು ಒಂದು ವರ್ಷ ತಪಾಸಣೆಯ ಕೋಣೆಗೆ ತಳ್ಳಿದನೇ? ಅದನ್ನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟು ಬಂತು, ಆತ ಹೋದ.

ಫೇಲಾದವರ ಮರುಪರೀಕ್ಷೆಯನ್ನು ಅತಿ ಹೆಚ್ಚು ಅಂಕ ಪಡೆದವರು ಎದುರಿಗೇ ಕುಳಿತು ನೋಡಬೇಕು. ಅದು ನಾನೇ ಬರೆದ ನಿಯಮ. ಯಾರ ಎದುರು ಯಾರನ್ನು ಕೂರಿಸುವ ಆಸೆಯಿಂದ ಬರೆದಿದ್ದೆನೆಂದು ಬೇರೆ ಹೇಳಬೇಕಿಲ್ಲ. ಮರುಪರೀಕ್ಷೆಯ ದಿನ ಬರುವವರೆಗೂ ನನ್ನ ಲೈನುಗಳನ್ನು ನನ್ನ ಹುಡುಗರೇ ಹಾಕಿದರು. ನಾನು ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತೆ.

ಮಾದರಿಯ ಆಚೆ ಬದಿಗೆ ಆತ, ಈಚೆಗೆ ನಾನು. ಕ್ಯಾಮೆರಾದ ಕೆಂಪು ದೀಪ ಹತ್ತಿತು. ನಡುಬೆರಳು ತಾನಾಗಿ ಮೇಲೆದ್ದದ್ದು ನನಗೆ ತಿಳಿಯಿತು, ಅದನ್ನು ಗಾಳಿಯಲ್ಲೇ ತಡೆದೆ. ತಟ್ಟದೆ ಸೂಜಿ ಎತ್ತಿದರೆ ಹೇಗಾಗುತ್ತದೆಂದು ಹೇಳುವುದು ಕಷ್ಟ. ಚಪ್ಪಲಿ ಹಾಕದೆ ಬೀದಿಗೆ ಇಳಿದಂತೆ. ಪ್ರೋಬನ್ನು ಸರಿಸುತ್ತ, ತುದಿಯನ್ನು ಹುಡುಕುತ್ತ, ಕಳೆದುಕೊಂಡಾಗ ನಿಂತು, ಸಿಕ್ಕಾಗ ಮುಂದೆ ಹೋಗುತ್ತ ಒಳಗೆ ತಲುಪಿದೆ. ಸಿರಿಂಜಿನಲ್ಲಿ ಅಭಿಧಮನಿಯ ನೀಲಿ ನೀರು ಬಂತು. ಆತ ಏನಾದರೂ ಅನ್ನಲಿ ಎಂದು ಕಾದೆ. ಆ ಹಳೆಯ ಮಾತಿನ ಅರ್ಧ ಅಂದರೂ ಸಾಕಿತ್ತು. ನನ್ನ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಕಲಿಸಾಕಲ್ಲ ಎಂಬ ಅದರ ಕೊನೆಯ ಪದ ನಿಲ್ಲುವುದಿಲ್ಲವೆಂದು ಗೊತ್ತಿತ್ತು, ಆತನಿಂದ ನಾನು ಕಲಿತದ್ದನ್ನು ಗೋಡೆಯ ಮೇಲೆ ಎಲ್ಲರೂ ನೋಡಿದ್ದಾರಲ್ಲ, ಆದರೂ ಅಂದುಬಿಡುತ್ತಿದ್ದೆ.

ಆತ ಪೂರ್ತಿ ಅಂಕ ಬರೆದ. ಷರಾದ ಜಾಗವನ್ನು ಖಾಲಿ ಬಿಟ್ಟ. ಎದ್ದು, ನನ್ನ ಹೆಗಲ ಮೇಲೆ ಕೈ ಇಟ್ಟು “ಚಲೋ ಆತ್ರಿ” ಎಂದು ನಕ್ಕು ಕೈ ತೊಳೆಯಲು ಹೋದ.

ನಾನು ನಗಲಿಲ್ಲ. ತುಟಿ ಬಿಗಿದುಕೊಂಡೇ ನಿಂತಿದ್ದೆ, ಈ ಸಲ ನನಗೆ ಚೆನ್ನಾಗಿ ನೆನಪಿದೆ. ಆತ ನಾಳೆ ಯಾರ ಮುಂದೆ ಏನು ಹೇಳುತ್ತಾನೋ ತಿಳಿಯದು, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಕ್ಯಾಮೆರಾ ಹಿಡಿದಿರುವುದು ಕೈಗಳನ್ನು ಮಾತ್ರ.